ಮರೆವಿನ ಕಾಯಿಲೆಯ ಅಮ್ಮನಿಗೆ ಬೆಂಗಳೂರಿನಲ್ಲಿ ಆರೈಕೆ ಕೇಂದ್ರ: ಹೋಗಿ ಏನು ನೋಡಬೇಕು, ಏನು ಕೇಳಬೇಕು?

ತುಂಗಾತೀರ:

ಅಮ್ಮನಿಗೆ 77 ವರ್ಷ. ಆಲ್‌ಝೈಮರ್ಸ್, ಈಗ ಮಧ್ಯಮ ಹಂತ ಎಂದು ಡಾಕ್ಟರ್ ಹೇಳಿದ್ದಾರೆ. ತಾವಾಗಿಯೇ ನಡೆಯುತ್ತಾರೆ, ತಟ್ಟೆ ಮುಂದಿಟ್ಟರೆ ಉಣ್ಣುತ್ತಾರೆ. ಸ್ನಾನಕ್ಕೆ ಮಾತ್ರ ಏನು ಮಾಡಿದರೂ ಒಪ್ಪುವುದಿಲ್ಲ. ಸಂಜೆಯಾದರೆ "ಮನೆಗೆ ಹೋಗಬೇಕು" ಎಂದು ಗೇಟಿನ ಕಡೆ ಹೊರಡುತ್ತಾರೆ, ರಾತ್ರಿ ಎರಡು ಮೂರು ಸಲ ಏಳುತ್ತಾರೆ. ಸಕ್ಕರೆ ಕಾಯಿಲೆಗೆ ಮಾತ್ರೆ ಇದೆ. ಕನ್ನಡ ಬಿಟ್ಟರೆ ಬೇರೆ ಭಾಷೆ ಬಾರದು.

ಬೆಂಗಳೂರಿನಲ್ಲಿ ಮೂರು ಕೇಂದ್ರಗಳನ್ನು ಗುರುತು ಹಾಕಿಕೊಂಡಿದ್ದೇವೆ. ಎರಡು ಡಿಮೆನ್ಷಿಯಾದವರಿಗೇ ಮೀಸಲು. ಇನ್ನೊಂದು ವೃದ್ಧಾಶ್ರಮ, ಅದರಲ್ಲಿ ಒಂದು ಮಹಡಿಯನ್ನು ಮರೆವಿನವರಿಗೆ ಬಿಟ್ಟಿದ್ದಾರೆ. ಮೂರೂ ಕಡೆ ಅದೇ ಮಾತು: 24 ಗಂಟೆ ನರ್ಸ್, ಯೋಗ, ಸಂಗೀತ, ಸಿಸಿಟಿವಿ. ಒಳಗಿನ ವ್ಯತ್ಯಾಸ ತಿಳಿಯುವುದು ಹೇಗೆ?

ಶುಶ್ರೂಷೆ_ಕೈ:

ಮೊದಲು ಸಮಯ. ಬೆಳಿಗ್ಗೆ 11ಕ್ಕೆ ಬನ್ನಿ ಅನ್ನುತ್ತಾರೆ. ಆಗ ಎಲ್ಲರಿಗೂ ಸ್ನಾನವಾಗಿ, ತಲೆ ಬಾಚಿ, ಹಾಲ್‌ನಲ್ಲಿ ಕೂರಿಸಿರುತ್ತಾರೆ. ನೀವು ಸಂಜೆ 5ರಿಂದ 7ರೊಳಗೆ ಹೋಗಿ. ಮರೆವಿನ ಕಾಯಿಲೆಯವರಿಗೆ ತಳಮಳ ಏರುವುದೇ ಆ ಹೊತ್ತಿಗೆ, ಹೆಚ್ಚಿನ ಕಡೆ ಡ್ಯೂಟಿ ಬದಲಾಗುವುದೂ ಆಗಲೇ. ಯಾರಾದರೂ ಬಾಗಿಲು ಜಗ್ಗುತ್ತಿದ್ದರೆ ಆಯಾ ಏನು ಮಾಡುತ್ತಾರೆ ಎಂದು ನಿಂತು ನೋಡಿ. ಕೈ ಹಿಡಿದು ಎರಡು ಸುತ್ತು ನಡೆಸಿ, ಮಾತು ಬೇರೆ ಕಡೆ ತಿರುಗಿಸಿ, ಕಾಫಿಗೆ ಕರೆದುಕೊಂಡು ಬರುತ್ತಾರೆಯೋ? "ನಿಮ್ಮ ಮನೆ ಇಲ್ಲೇ, ಕೂತ್ಕೊಳ್ಳಿ" ಎಂದು ಗದರುತ್ತಾರೆಯೋ? ಅರ್ಧ ಗಂಟೆ ಇದನ್ನು ನೋಡಿದರೆ ಜಾಹೀರಾತು ಹೇಳದ್ದೆಲ್ಲ ಗೊತ್ತಾಗುತ್ತದೆ.

ಎರಡನೆಯದು ರಾತ್ರಿ. "ಒಟ್ಟು ಸಿಬ್ಬಂದಿ ಎಷ್ಟು" ಎಂದು ಕೇಳಬೇಡಿ, ಅಡುಗೆಯವರು, ಸೆಕ್ಯುರಿಟಿ, ಫಿಸಿಯೋ ಎಲ್ಲರನ್ನೂ ಸೇರಿಸಿ ಹೇಳುತ್ತಾರೆ. "ರಾತ್ರಿ 2 ಗಂಟೆಗೆ ಈ ಮಹಡಿಯಲ್ಲಿ ಎಚ್ಚರ ಇರುವವರು ಎಷ್ಟು ಜನ" ಎಂದು ಕೇಳಿ. ಹಗಲು 4–5 ಜನಕ್ಕೆ ಒಬ್ಬರು, ರಾತ್ರಿ 8–10 ಜನಕ್ಕೆ ಒಬ್ಬರು ಇಲ್ಲದಿದ್ದರೆ ನಾನು ಯಾರಿಗೂ ಸೇರಿಸಿ ಅನ್ನುವುದಿಲ್ಲ. ಕೆಲವು ಕಡೆ 24 ಗಂಟೆ ಡ್ಯೂಟಿ ಎಂದರೆ ಹಗಲು ದುಡಿದ ಆಯಾನೇ ರಾತ್ರಿ ಅಲ್ಲೇ ಚಾಪೆ ಹಾಸಿ ಮಲಗುವುದು. ಅವರ ತಪ್ಪಲ್ಲ, ಆದರೆ ನಿಮ್ಮ ಅಮ್ಮ ಮೂರನೇ ಸಲ ಎದ್ದಾಗ ಅವರಿಗೆ ಎಚ್ಚರವಾಗುವುದಿಲ್ಲ. ರಾತ್ರಿ ಬೀಳುವುದು ಹೆಚ್ಚಾಗಿ ಬಚ್ಚಲಿಗೆ ಹೋಗುವ ದಾರಿಯಲ್ಲಿ. ಹಾಸಿಗೆಯಿಂದ ಕಮೋಡ್‌ವರೆಗೆ ಮಂದ ದೀಪ ಇದೆಯೇ, ಮಧ್ಯೆ ಹೊಸ್ತಿಲು ಇದೆಯೇ, ಕಮೋಡ್ ಪಕ್ಕ ಗೋಡೆಗೆ ಹಿಡಿಕೆ ಇದೆಯೇ ನೋಡಿ. ಹಿಡಿಕೆಯನ್ನು ಕೈಯಿಂದ ಜೋರಾಗಿ ಎಳೆದು ನೋಡಿ, ಅಲ್ಲಾಡಬಾರದು. ಬಿಳಿ ಟೈಲ್ಸ್, ಬಿಳಿ ಕಮೋಡ್, ಬಿಳಿ ಸೀಟು ಆದರೆ ಅವರಿಗೆ ಎಲ್ಲಿ ಕೂರಬೇಕೆಂದೇ ಕಾಣುವುದಿಲ್ಲ. ಬಣ್ಣದ ಸೀಟು ಹಾಕಿದ ಕಡೆ ಈ ಕೆಲಸ ಬಲ್ಲವರಿದ್ದಾರೆ ಎಂದರ್ಥ. ಮಾದರಿ ರೂಮು ತೋರಿಸಿದರೆ ಸಾಲದು, ಈಗ ಯಾರೋ ಬಳಸುತ್ತಿರುವ ಬಚ್ಚಲು ತೋರಿಸಿ ಅನ್ನಿ.

ಭಾಷೆಯನ್ನು ಹಗುರವಾಗಿ ಬಿಡಬೇಡಿ. ಬೆಂಗಳೂರಿನ ಕೇಂದ್ರಗಳಲ್ಲಿ ಹೊರರಾಜ್ಯಗಳಿಂದ ಬಂದ ಯುವಕ ಯುವತಿಯರು ತುಂಬಾ ಜನ ಕೆಲಸ ಮಾಡುತ್ತಾರೆ. ಶ್ರದ್ಧೆ ಇರುತ್ತದೆ, ಆದರೆ "ಉಚ್ಚೆ ಬಂತು", "ಎದೆ ಉರೀತಿದೆ" ಅಂದರೆ ತಿಳಿಯದು. ತಿಳಿಯದಿದ್ದಾಗ ಅಮ್ಮ ಕೂಗುತ್ತಾರೆ, ಕೂಗಿದರೆ ಕೇಸ್ ಶೀಟ್‌ನಲ್ಲಿ "ಗಲಾಟೆ" ಎಂದು ಬರೆಯುತ್ತಾರೆ, ಆಮೇಲೆ ನಿದ್ದೆ ಮಾತ್ರೆ ಬರುತ್ತದೆ. ಪ್ರತಿ ಶಿಫ್ಟ್‌ನಲ್ಲೂ ಕನ್ನಡ ಬಲ್ಲ ಒಬ್ಬರಾದರೂ ಆ ಮಹಡಿಯಲ್ಲೇ ಇರುತ್ತಾರೆಯೇ ಎಂದು ಡ್ಯೂಟಿ ಪಟ್ಟಿ ನೋಡಿ ಖಚಿತ ಮಾಡಿಕೊಳ್ಳಿ. ರಿಸೆಪ್ಷನ್‌ನಲ್ಲಿ ಕನ್ನಡ ಮಾತಾಡಿದರೆ ಪ್ರಯೋಜನವಿಲ್ಲ.

ಸ್ನಾನದ ಬಗ್ಗೆ ಒಂದೇ ಪ್ರಶ್ನೆ: "ಒಪ್ಪದವರಿಗೆ ಹೇಗೆ ಮಾಡಿಸುತ್ತೀರಿ?" "ಇಬ್ಬರು ಹಿಡಿದು ಮಾಡಿಸುತ್ತೇವೆ" ಎಂದರೆ ಎದ್ದು ಬನ್ನಿ. ಬಲ್ಲವರು ಹೀಗೆ ಹೇಳುತ್ತಾರೆ: ಆ ಹೊತ್ತಿಗೆ ಬಿಟ್ಟು ಅರ್ಧ ಗಂಟೆ ಬಿಟ್ಟು ಮತ್ತೆ ಕರೆಯುತ್ತೇವೆ, ಬೇರೆ ಆಯಾನ ಕಳಿಸುತ್ತೇವೆ, ಆಗದಿದ್ದರೆ ಒದ್ದೆ ಬಟ್ಟೆಯಲ್ಲಿ ಒರೆಸುತ್ತೇವೆ. ಶವರ್ ನೀರು ತಲೆ ಮೇಲೆ ಸುರಿದರೆ ಹೆದರುವವರು ಬಹಳ. ಬಕೆಟ್, ಚೊಂಬು, ಕೂರಲು ಸ್ಟೂಲು ಇರಬೇಕು. ನೀರು ಪಾದದಿಂದ ಶುರುವಾಗಬೇಕು, ಹೆಗಲ ಮೇಲೊಂದು ಟವೆಲ್ ಹೊದಿಸಿರಬೇಕು. ನಾಚಿಕೆ ಮರೆವಿನ ಜೊತೆ ಹೋಗುವುದಿಲ್ಲ. ಹೆಂಗಸರಿಗೆ ಹೆಂಗಸರೇ ಸ್ನಾನ ಮಾಡಿಸುತ್ತಾರೆಯೇ ಎಂದು ಬಾಯಿಬಿಟ್ಟು ಕೇಳಿ.

ಆ ವೃದ್ಧಾಶ್ರಮದ ಮಹಡಿಯ ಬಗ್ಗೆ: ಅಲ್ಲಿ ಓಡಾಡಲು ಜಾಗ ಎಲ್ಲಿದೆ? ಬೀಗ ಹಾಕಿದ ಕಾರಿಡಾರ್ ಅಷ್ಟೇ ಇದ್ದರೆ ನಿಮ್ಮ ಅಮ್ಮನಂಥ ನಡೆಯುವವರಿಗೆ ಅದು ಸೆರೆಮನೆ. ಸುತ್ತಿ ಬಂದರೆ ಹೊರಟ ಜಾಗಕ್ಕೇ ಬರುವಂಥ ಅಂಗಳ ಅಥವಾ ಟೆರೇಸ್ ಬೇಕು, ದಿನಕ್ಕೆ ಎರಡು ಹೊತ್ತಾದರೂ ಅದರ ಬಾಗಿಲು ತೆರೆದಿರಬೇಕು. ಬೆಂಕಿ ಬಿದ್ದರೆ ಆ ಬೀಗ ಯಾರು ತೆಗೆಯುತ್ತಾರೆ, ಕೀಲಿ ಯಾರ ಸೊಂಟದಲ್ಲಿದೆ ಎಂಬುದನ್ನೂ ಕೇಳಿ.

ಗುಳಿಗೆ_ಲೆಕ್ಕ:

ಮೇಲಿನವರು ಹೇಳಿದ್ದಕ್ಕೆ ಮಾತ್ರೆಯ ವಿಷಯ ಸೇರಿಸುತ್ತೇನೆ. ಸಕ್ಕರೆ ಮಾತ್ರೆ ಗ್ಲಿಮೆಪಿರೈಡ್ ಆಗಿದ್ದರೆ ಹೆಚ್ಚು ಎಚ್ಚರ. ಮಾತ್ರೆ ನುಂಗಿ ಊಟ ಅರ್ಧಕ್ಕೆ ಬಿಟ್ಟರೆ ಸಕ್ಕರೆ ತೀರಾ ಇಳಿಯುತ್ತದೆ. ಮರೆವಿನವರು "ತಲೆ ಸುತ್ತುತ್ತಿದೆ" ಎನ್ನುವುದಿಲ್ಲ, ಮಂಕಾಗುತ್ತಾರೆ ಅಥವಾ ರೇಗುತ್ತಾರೆ. "ಊಟ ಸರಿಯಾಗಿ ಮಾಡದಿದ್ದ ದಿನ ಮಾತ್ರೆ ಕೊಡಬೇಕೋ ಬೇಡವೋ ಎಂದು ಯಾರು ತೀರ್ಮಾನಿಸುತ್ತಾರೆ?" ಎಂದು ಕೇಳಿ. ಸೇರಿಸುವ ಮೊದಲೇ ನಿಮ್ಮ ಡಾಕ್ಟರ ಹತ್ತಿರ ಇದಕ್ಕೆ ಬರವಣಿಗೆಯಲ್ಲಿ ಸೂಚನೆ ತೆಗೆದುಕೊಳ್ಳಿ.

ಕ್ವೆಟಿಯಾಪಿನ್, ರಿಸ್ಪೆರಿಡೋನ್ (ಹೊಸ ಗುಂಪು), ಹ್ಯಾಲೋಪೆರಿಡಾಲ್ (ಹಳೆಯ ಗುಂಪು): ಗಲಾಟೆ ತಗ್ಗಿಸಲು ಕೊಡುವ ಮನೋರೋಗದ ಔಷಧಿಗಳಿವು, ಈ ಹೆಸರುಗಳು ನೆನಪಿರಲಿ. ಇವಕ್ಕೆ ಜಾಗ ಇಲ್ಲವೆಂದಲ್ಲ, ಆದರೆ ಡಿಮೆನ್ಷಿಯಾ ಇರುವ ವಯಸ್ಸಾದವರಲ್ಲಿ ಇವು ಸಾವಿನ ಅಪಾಯ ಹೆಚ್ಚಿಸುತ್ತವೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2005ರಲ್ಲಿ ಹೊಸ ಗುಂಪಿನ ಔಷಧಿಗಳಿಗೂ 2008ರಲ್ಲಿ ಹಳೆಯವಕ್ಕೂ ಅತಿ ಗಟ್ಟಿ ಎಚ್ಚರಿಕೆ ಹಾಕಿದೆ. ಲೆವಿ ಬಾಡಿ ಬಗೆಯ ಡಿಮೆನ್ಷಿಯಾ ಆದರೆ ಹ್ಯಾಲೋಪೆರಿಡಾಲ್ ಒಂದೆರಡು ಡೋಸ್‌ಗೇ ಮೈ ಸೆಟೆದು ಹಾಸಿಗೆ ಹಿಡಿಸಬಹುದು. ಹಾಗಾಗಿ ಷರತ್ತು ಹೀಗಿರಲಿ: ಇಂಥ ಹೊಸ ಮಾತ್ರೆ ಶುರು ಮಾಡುವ ಮೊದಲು ಮನೆಯವರಿಗೆ ಫೋನ್, ಎಷ್ಟು ದಿನಕ್ಕೆ, ಯಾವ ಡಾಕ್ಟರು ಬರೆದದ್ದು ಎಂಬ ದಾಖಲೆ.

ಇದ್ದಕ್ಕಿದ್ದಂತೆ ಎರಡೇ ದಿನದಲ್ಲಿ ಗೊಂದಲ ಹೆಚ್ಚಾದರೆ ಅದು ಸಾಮಾನ್ಯವಾಗಿ ಕಾಯಿಲೆ ಮುಂದುವರಿದದ್ದಲ್ಲ. ಮೂತ್ರದ ಸೋಂಕು, ಮಲಬದ್ಧತೆ, ನೀರು ಕಡಿಮೆಯಾಗಿ ಸೋಡಿಯಂ ಏರುಪೇರಾದದ್ದು, ಹೊಸ ಮಾತ್ರೆ, ಇವನ್ನು ಮೊದಲು ಹುಡುಕಬೇಕು. ಕೇಂದ್ರದ ನರ್ಸ್‌ಗೆ ಇದು ಗೊತ್ತೇ ಎಂದು ನೇರವಾಗಿ ಕೇಳಿ: "ನಿನ್ನೆ ಶಾಂತವಾಗಿದ್ದವರು ಇವತ್ತು ಹೊಡೆಯಲು ಬಂದರೆ ಮೊದಲು ಏನು ಮಾಡುತ್ತೀರಿ?" "ಸೈಕಿಯಾಟ್ರಿಸ್ಟ್‌ಗೆ ಫೋನ್" ಎಂಬುದಕ್ಕಿಂತ "ಜ್ವರ ನೋಡಿ, ಸಕ್ಕರೆ ನೋಡಿ, ಮೂತ್ರ ಪರೀಕ್ಷೆಗೆ ಕಳಿಸುತ್ತೇವೆ" ಎಂಬ ಉತ್ತರ ಬರಬೇಕು.

ತೂಕದ ಪಟ್ಟಿ ಕೇಳಿ ನೋಡಿ. ತಿಂಗಳಿಗೊಮ್ಮೆ ಬರೆದಿರಬೇಕು. 50 ಕೆಜಿ ಇದ್ದವರು ಒಂದು ತಿಂಗಳಲ್ಲಿ 47.5ಕ್ಕೆ ಇಳಿದರೆ ಶೇ 5 ಹೋಯಿತು, ಆ ಸಾಲಿನ ಪಕ್ಕದಲ್ಲೇ ಏನು ಕ್ರಮ ತೆಗೆದುಕೊಂಡರೆಂದು ಇರಬೇಕು.

ಜಗಲಿ:

ಸೀದಾ ಸೇರಿಸುವ ಮೊದಲು ಎರಡು ವಾರದ ತಾತ್ಕಾಲಿಕ ವಾಸ್ತವ್ಯ ಕೊಡುತ್ತಾರೆಯೇ ಕೇಳಿ, ಇಲ್ಲವೇ ಡೇ ಕೇರ್. ಅಮ್ಮ ಹೇಗೆ ಹೊಂದಿಕೊಳ್ಳುತ್ತಾರೆ, ಅವರು ಹೇಗೆ ನೋಡಿಕೊಳ್ಳುತ್ತಾರೆ ಎರಡೂ ಗೊತ್ತಾಗುತ್ತವೆ. ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಕಸ್ತೂರಿ ನಗರದಲ್ಲಿ ಮರೆವಿನ ಕಾಯಿಲೆಯವರಿಗೆಂದೇ ಕೇಂದ್ರ ನಡೆಸುತ್ತಿದೆ. ಯಾವುದನ್ನು ಆರಿಸಿದರೂ ಹೋಲಿಸಿ ನೋಡಲು ಅಂಥದ್ದೊಂದನ್ನು ಒಮ್ಮೆ ನೋಡಿ ಬನ್ನಿ. ನಿಮ್ಹಾನ್ಸ್‌ನ ವೃದ್ಧರ ವಿಭಾಗದಲ್ಲಿ ಒಮ್ಮೆ ತೋರಿಸಿ ಹೊಸ ವರದಿ ಇಟ್ಟುಕೊಳ್ಳುವುದೂ ಒಳ್ಳೆಯದು. ಹಿರಿಯರ ರಾಷ್ಟ್ರೀಯ ಸಹಾಯವಾಣಿ 14567, ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ ಸಿಗುತ್ತದೆ.

ತುಂಗಾತೀರ:

ಎಲ್ಲರಿಗೂ ತುಂಬಾ ಉಪಕಾರವಾಯಿತು. ಇನ್ನೆರಡು ಕೇಳಬೇಕಿತ್ತು. ಒಂದು ಕೇಂದ್ರದವರು "ಮೊದಲ ತಿಂಗಳು ಮನೆಯವರು ಬರಬೇಡಿ, ಹೊಂದಿಕೊಳ್ಳಲಿ" ಎಂದರು. ಇದು ಸರಿಯೇ? ಇನ್ನೊಂದು, ಅಗ್ರಿಮೆಂಟ್ 14 ಪುಟ ಇದೆ, ಯಾವುದನ್ನು ಮುಖ್ಯವಾಗಿ ನೋಡಬೇಕು?

ಶುಶ್ರೂಷೆ_ಕೈ:

ಒಂದು ತಿಂಗಳು ಬರಲೇಬೇಡಿ ಎನ್ನುವುದಕ್ಕೆ ಒಪ್ಪಬೇಡಿ. ಮೊದಲ ಎರಡು ಮೂರು ದಿನ ಕಡಿಮೆ ಹೊತ್ತು ಇರಿ, ಸಂಜೆ ಹೋಗಬೇಡಿ ಎಂದರೆ ಅದರಲ್ಲಿ ಅರ್ಥವಿದೆ. ನೀವು ಹೊರಡುವುದನ್ನು ಕಂಡರೆ ಹಿಂದೆಯೇ ಹೊರಡುತ್ತಾರೆ. ಬೆಳಗಿನ ತಿಂಡಿ ಆದ ಮೇಲೆ ಹೋಗಿ, ಊಟಕ್ಕೆ ಕರೆದೊಯ್ಯುವ ಹೊತ್ತಿಗೆ ಹೊರಡಿ, "ಹೋಗಿ ಬರ್ತೀನಿ" ಎಂದು ಬಾಗಿಲಲ್ಲಿ ನಿಲ್ಲಬೇಡಿ. ಆದರೆ ಹೇಳದೆ ಕೇಳದೆ ಯಾವ ಹೊತ್ತಿಗಾದರೂ ಬರುವ ಹಕ್ಕು ಮಾತ್ರ ಬಿಟ್ಟುಕೊಡಬೇಡಿ. ಹಾಸಿಗೆ ಹುಣ್ಣು, ಕೈ ಮೇಲಿನ ಕಂದು ಗುರುತು ಮೊದಲು ಕಾಣುವುದು ಮನೆಯವರ ಕಣ್ಣಿಗೇ. ಹೋದಾಗ ಹಿಮ್ಮಡಿ, ಸೊಂಟದ ಕೆಳಗೆ, ಕಿವಿಯ ಹಿಂದೆ ನೋಡಿ. ಉಗುರು ನೋಡಿ.

ಸೇರಿಸುವ ದಿನ ಒಂದೇ ಪುಟದ ಚೀಟಿ ಬರೆದು ಮಂಚದ ಪಕ್ಕ ಅಂಟಿಸಿ, ಡ್ಯೂಟಿ ಬದಲಾದರೂ ಓದುವಂತೆ ದಪ್ಪ ಅಕ್ಷರದಲ್ಲಿ. ಮನೆಯಲ್ಲಿ ಅವರನ್ನು ಏನೆಂದು ಕರೆಯುತ್ತಾರೆ, ಕಾಫಿ ಸಕ್ಕರೆ ಇಲ್ಲದೆ ಸ್ಟೀಲ್ ಲೋಟದಲ್ಲೇ ಬೇಕು, ರಾತ್ರಿ ಎದ್ದರೆ ಮೊದಲು ಬಚ್ಚಲಿಗೆ ಕರೆದೊಯ್ಯಿರಿ, "ಮನೆಗೆ" ಎಂದರೆ ಅವರು ಹೇಳುವುದು ಯಾವ ಮನೆ (ತವರೋ, ಗಂಡನ ಮನೆಯೋ), ಯಾವ ದೇವರ ಹಾಡು ಹೇಳಿದರೆ ಜೊತೆಗೆ ಹೇಳುತ್ತಾರೆ. ಸೀರೆ ಉಡುವವರಾಗಿದ್ದರೆ ಮೊದಲ ದಿನವೇ ನೈಟಿಗೆ ಬದಲಿಸಬೇಡಿ ಎಂದೂ ಬರೆಯಿರಿ. ಉಟ್ಟು ಹಳತಾದ ಹತ್ತಿ ಸೀರೆ ನಾಲ್ಕು, ಅವರು ಹೊದೆಯುವ ಅದೇ ಹೊದಿಕೆ ತೆಗೆದುಕೊಂಡು ಹೋಗಿ, ಹೊಸದು ಬೇಡ. ಬಟ್ಟೆಗೆಲ್ಲ ಒಳಗಡೆ ಹೆಸರು ಹೊಲಿಸಿ, ಒಗೆಯಲು ಹಾಕಿದಾಗ ಬೆರೆಯುತ್ತವೆ. ಚಿನ್ನ ಒಂದೂ ಬೇಡ. ಕರಿಮಣಿ ತೆಗೆದರೆ ಹುಡುಕುತ್ತಾರೆ ಎನ್ನುವುದಾದರೆ ಮೊದಲೇ ಮನೆಯಲ್ಲಿ ಹಾಗೇ ಕಾಣುವ ಇನ್ನೊಂದಕ್ಕೆ ಬದಲಿಸಿಬಿಡಿ.

ಕರಾರು_ಕಟ್ಟು:

ಹಣದಿಂದ ಶುರು ಮಾಡುತ್ತೇನೆ. ತಿಂಗಳ ಮೊತ್ತದಲ್ಲಿ ಏನು ಸೇರಿಲ್ಲ ಎಂಬ ಪಟ್ಟಿ ಬರವಣಿಗೆಯಲ್ಲಿ ಬೇಕು. ಸಾಮಾನ್ಯವಾಗಿ ಹೊರಗುಳಿಯುವುದು ಡೈಪರ್, ಮಾತ್ರೆ, ಲ್ಯಾಬ್, ಫಿಸಿಯೋ, ಆಸ್ಪತ್ರೆಗೆ ಜೊತೆ ಹೋಗುವ ಆಯಾ, ಆಂಬುಲೆನ್ಸ್. ದಿನಕ್ಕೆ 4 ಡೈಪರ್, ಒಂದಕ್ಕೆ 40 ರೂಪಾಯಿ ಹಿಡಿದರೂ ತಿಂಗಳಿಗೆ 4,800. ವರ್ಷಕ್ಕೆ ಶೇ 10 ಏರಿಕೆ ಎಂದು ಬರೆದಿದ್ದರೆ ಇಂದಿನ 50,000 ಐದು ವರ್ಷ ಕಳೆದ ಮೇಲೆ 80,000 ದಾಟುತ್ತದೆ. ನಿಮ್ಮ ಕೈಗೆ ಎಟುಕುವುದೇ ಎಂದು ಆ ಅಂಕಿಯಿಂದ ಲೆಕ್ಕ ಹಾಕಿ. ಹಾಸಿಗೆ ಹಿಡಿದರೆ ದರ ಬೇರೆಯೇ? ಅದೂ ಈಗಲೇ ಬರೆಸಿ. ಆರೋಗ್ಯ ವಿಮೆ ಈ ವಾಸ್ತವ್ಯಕ್ಕೆ ಬರುವುದಿಲ್ಲ: ಬರೀ ಆರೈಕೆಗಾಗಿ ಇರುವುದನ್ನು ಪಾಲಿಸಿಗಳು ಹೊರಗಿಡುತ್ತವೆ.

ಆಮೇಲೆ ಹೊರಹಾಕುವ ಕಲಮು. "ನಡವಳಿಕೆ ನಿಭಾಯಿಸಲಾಗದಿದ್ದರೆ ತಕ್ಷಣ ಕರೆದೊಯ್ಯಬೇಕು" ಎಂದಿದ್ದರೆ ಕನಿಷ್ಠ 30 ದಿನದ ನೋಟಿಸ್ ಎಂದು ತಿದ್ದಿಸಿ. ನಡವಳಿಕೆ ನಿಭಾಯಿಸುವುದಕ್ಕೇ ಅಲ್ಲವೇ ಸೇರಿಸುತ್ತಿರುವುದು. ಡೆಪಾಸಿಟ್ ಎಷ್ಟು ದಿನದಲ್ಲಿ ವಾಪಸ್, ಆಸ್ಪತ್ರೆಯಲ್ಲಿದ್ದ ದಿನಗಳಿಗೂ ಪೂರ್ತಿ ಹಣವೇ, ತಿಂಗಳ ನಡುವೆ ತೀರಿಹೋದರೆ ಉಳಿದ ಹಣ ಏನಾಗುತ್ತದೆ, ಇದನ್ನೆಲ್ಲ ಕೇಳಲು ಸಂಕೋಚ ಬೇಡ.

ನೋಂದಣಿ ಪತ್ರ ಕೇಳಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ವ್ಯಾಖ್ಯೆಯಲ್ಲಿ ನೆನಪಿನ ತೀವ್ರ ತೊಂದರೆಯೂ ಸೇರಿದೆ. ಅಂಥವರನ್ನು ಇರಿಸಿಕೊಂಡು ಆರೈಕೆ, ಚಿಕಿತ್ಸೆ ಕೊಡುವ ಸಂಸ್ಥೆ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನೋಂದಾಯಿಸಿರಬೇಕು. ಅದೇ ಕಾಯ್ದೆಯ 97ನೇ ಕಲಮಿನ ಪ್ರಕಾರ ಕಟ್ಟಿಹಾಕುವುದು ಶಿಕ್ಷೆಗೂ ಅಲ್ಲ, ಸಿಬ್ಬಂದಿ ಕಡಿಮೆ ಎಂಬುದಕ್ಕೂ ಅಲ್ಲ. ತಕ್ಷಣದ ಅಪಾಯ ತಪ್ಪಿಸಲು ಬೇರೆ ದಾರಿಯೇ ಇಲ್ಲದಾಗ, ಮನೋವೈದ್ಯರ ಅನುಮತಿಯ ಮೇಲೆ ಮಾತ್ರ, ಮತ್ತು 24 ಗಂಟೆಯೊಳಗೆ ನಾಮನಿರ್ದೇಶಿತ ಪ್ರತಿನಿಧಿಗೆ (ಕಾಯಿಲೆಯವರು ತಮ್ಮ ಪರವಾಗಿ ಹೆಸರಿಸಿದವರಿಗೆ) ತಿಳಿಸಬೇಕು. ಕುರ್ಚಿಗೆ ದುಪ್ಪಟ್ಟಾದಲ್ಲಿ ಕಟ್ಟಿದ್ದು ಕಂಡರೆ ಅದೂ ಇದೇ.

ಆ ಪ್ರತಿನಿಧಿ ಯಾರು ಎಂಬುದನ್ನು ಅಮ್ಮನಿಗೆ ಅರ್ಥವಾಗುವ ದಿನವೇ ಬಿಳಿ ಹಾಳೆಯ ಮೇಲೆ ಬರೆಸಿ ಸಹಿ ಅಥವಾ ಹೆಬ್ಬೆಟ್ಟು ಹಾಕಿಸಿ. ಬ್ಯಾಂಕಿಗೆ ಪವರ್ ಆಫ್ ಅಟಾರ್ನಿ ಮಾಡಿಸಿದರೆ ಸಾಕು ಎಂದು ಬಹಳ ಜನ ನಂಬಿದ್ದಾರೆ. ಬರೆದುಕೊಟ್ಟವರ ಬುದ್ಧಿ ಸ್ಥಿಮಿತ ತಪ್ಪಿದರೆ ನಮ್ಮ ಕಾನೂನಿನಲ್ಲಿ ಅದು ಅಲ್ಲಿಗೇ ಮುಗಿಯಿತು. ಆಮೇಲೆ ಪಾಲಕರ ನೇಮಕಕ್ಕೆ ಹೈಕೋರ್ಟ್ ಹತ್ತಬೇಕಾಗಬಹುದು. ಅವರಿಗೆ ಸಹಿಯ ಅರ್ಥ ತಿಳಿಯುತ್ತಿರುವಾಗಲೇ ಉಳಿತಾಯ ಖಾತೆಯನ್ನು ಇಬ್ಬರಲ್ಲಿ ಯಾರಾದರೂ ತೆಗೆಯುವಂತೆ ಜಂಟಿ ಮಾಡಿಕೊಳ್ಳಿ. ಪಿಂಚಣಿ ಇದ್ದರೆ ನವೆಂಬರ್‌ನ ಜೀವನ ಪ್ರಮಾಣ ಪತ್ರವನ್ನು ಮುಖ ಗುರುತಿನ ಆ್ಯಪ್‌ನಲ್ಲಿ ಕೇಂದ್ರದಿಂದಲೇ ಮಾಡಬಹುದು, ಬ್ಯಾಂಕಿಗೆ ಎಳೆದೊಯ್ಯುವುದು ಬೇಡ.

ಅಗ್ರಿಮೆಂಟ್‌ಗೆ ಸಹಿ ಹಾಕುವ ಮೊದಲು ಇವೆರಡನ್ನು ಕೈಬರಹದಲ್ಲೇ ಆದರೂ ಸೇರಿಸಿ ಅವರ ಸೀಲು ಹಾಕಿಸಿ: ಬಿದ್ದರೆ ಒಂದು ಗಂಟೆಯೊಳಗೆ ಫೋನ್, ತುರ್ತು ಆದರೆ ಯಾವ ಆಸ್ಪತ್ರೆ. ಎರಡನೆಯದಕ್ಕೆ ಕೇಂದ್ರಕ್ಕೆ ಹತ್ತಿರದ್ದೊಂದು, ನಿಮ್ಮ ವಿಮೆಗೆ ನಗದುರಹಿತ ಇರುವುದೊಂದು, ಎರಡು ಹೆಸರು ಕೊಡಿ.