ಲಯ ತಪ್ಪಿದ ನಾಡಿ: ಸಂದೇಶ ಗುಂಪಿನಲ್ಲಿ ಹೃದಯ ವೈದ್ಯರೊಂದಿಗೆ ಪ್ರಶ್ನೋತ್ತರ

ಇಳಕಲ್ಲಿನ ಸದಸ್ಯ: ಚಹಾ ಕುಡಿದ ಮೇಲೆ ಎದೆ ಒಮ್ಮೊಮ್ಮೆ ತಪ್ಪಿ ಬಡಿದಂತಾಗುತ್ತದೆ. ಇದು ಅಪಾಯವೇ?

ವೈದ್ಯ: ಒಂಟಿ ತಪ್ಪುಬಡಿತ ಬಹಳ ಜನರಲ್ಲಿರುತ್ತದೆ. ಚಹಾ ಕಡಿಮೆ ಮಾಡಿ, ಒಮ್ಮೆ ಇಸಿಜಿ ತೆಗೆಸಿರಿ. ತಲೆಸುತ್ತು ಅಥವಾ ದಮ್ಮು ಬಂದರೆ ತಡಮಾಡಬೇಡಿರಿ.

ಮುಧೋಳದ ಸದಸ್ಯೆ: ನಮ್ಮ ತಾಯಿಗೆ 52 ವರ್ಷ. ಚಿಕ್ಕಂದಿನಲ್ಲಿ ಬಂದ ಕೀಲುವಾತ ಜ್ವರದಿಂದ ಹೃದಯದ ಎಡಭಾಗದ ಎರಡು ಕೋಣೆಗಳ ನಡುವಿನ ಮೈಟ್ರಲ್ ಕವಾಟ ಕಿರಿದಾಗಿದೆ, ನಾಡಿ ಲಯವಿಲ್ಲದೆ ಓಡುತ್ತದೆ. ಈ ಗುಂಪಿನಲ್ಲಿ ಬಂದ ಬೆಳ್ಳುಳ್ಳಿ ಕಷಾಯದ ಸಂದೇಶವನ್ನು ನಂಬಿ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆ ನಿಲ್ಲಿಸಿ ಮೂರು ವಾರಗಳಾದವು. ನಿನ್ನೆ ರೊಟ್ಟಿ ಬಡಿಯುವಾಗ ಬಲಗೈ ಸೋತು, ಮಾತು ತೊದಲಿ, ಹತ್ತು ನಿಮಿಷದಲ್ಲಿ ಸರಿಹೋಯಿತು. ಮಾತ್ರೆ ಮತ್ತೆ ಬೇಕೇ?

ವೈದ್ಯ: ಉಳಿದವರು ಕಾಯಬೇಕು. ತಾಯಿಯವರನ್ನು ಈಗಲೇ ಮಿದುಳಿನ ಸ್ಕ್ಯಾನ್ ಸೌಲಭ್ಯವಿರುವ ಆಸ್ಪತ್ರೆಗೆ ಕರೆದೊಯ್ಯಿರಿ, ಏಕೆಂದರೆ ಕೈ, ಮಾತು ಸರಿಹೋದರೂ ಅದು ಲಕ್ವದ ಮುನ್ಸೂಚನೆ, ಲಕ್ವದ ಭಯ ಇನ್ನೂ ಹೋಗಿಲ್ಲ. ಏಟ್ರಿಯಲ್ ಫಿಬ್ರಿಲೇಶನ್ ಎಂಬ ಈ ಸ್ಥಿತಿಯಲ್ಲಿ ಹೃದಯದ ಮೇಲಿನ ಕೋಣೆಗಳು ನಿಮಿಷಕ್ಕೆ 350ಕ್ಕೂ ಹೆಚ್ಚು ಬಾರಿ ಅದುರುತ್ತವೆ, ಆದರೆ ಹಿಂಡಿಕೊಳ್ಳುವುದಿಲ್ಲ. ಹೀಗಾಗಿ ಎಡಕೋಣೆಯ ಮೂಲೆಯಲ್ಲಿರುವ ಸಣ್ಣ ಚೀಲದಲ್ಲಿ ರಕ್ತ ನಿಂತು ಹೆಪ್ಪುಗಟ್ಟಿ, ಅದರ ಚೂರು ಮಿದುಳಿನ ರಕ್ತನಾಳವನ್ನು ಮುಚ್ಚಬಹುದು. ಕವಾಟವೂ ಕಿರಿದಾಗಿದ್ದರೆ ರಕ್ತ ಇನ್ನಷ್ಟು ನಿಲ್ಲುತ್ತದೆ. ಮಾತ್ರೆ ಖಂಡಿತ ಬೇಕು, ಆದರೆ ಸ್ಕ್ಯಾನ್ ನೋಡಿದ ವೈದ್ಯರೇ ಅದನ್ನು ಆರಂಭಿಸಲಿ. ದಾರಿಯಲ್ಲಿ ಮತ್ತೆ ಕೈ ಸೋತರೆ ಆ ಸಮಯವನ್ನು ಬರೆದಿಟ್ಟುಕೊಳ್ಳಿರಿ. ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಅವಕಾಶವಷ್ಟೇ ಇರುತ್ತದೆ.

ವಿಜಯಪುರದ ಸದಸ್ಯ: ಪದೇ ಪದೇ ರಕ್ತಪರೀಕ್ಷೆ ಬೇಡದ ಹೊಸ ಮಾತ್ರೆಗಳಿವೆಯಲ್ಲ, ಅವರಿಗೆ ಅವನ್ನೇ ಕೊಡಬಾರದೇ?

ವೈದ್ಯ: ಈ ಕವಾಟದ ರೋಗಕ್ಕೆ ಬೇಡ. 2022ರಲ್ಲಿ ಪ್ರಕಟವಾದ ಇನ್ವಿಕ್ಟಸ್ ಅಧ್ಯಯನದಲ್ಲಿ ಹೊಸ ಮಾತ್ರೆ ರಿವರೊಕ್ಸಬಾನ್ ಪಡೆದವರಿಗಿಂತ ವಾರ್ಫರಿನ್ ವರ್ಗದ ಮಾತ್ರೆ ಪಡೆದವರಲ್ಲಿ ಸಾವು ಕಡಿಮೆಯಿತ್ತು. ವಾರ್ಫರಿನ್ ನುಂಗುವವರ ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತದೆಂದು ರಕ್ತಪರೀಕ್ಷೆಯಲ್ಲಿ ತೋರಿಸುವ ಅಳತೆ ಐ.ಎನ್.ಆರ್. 2ರಿಂದ 3ರೊಳಗೆ ಇರಬೇಕು.

ಹುನಗುಂದದ ಸದಸ್ಯ: ಕಷಾಯದ ಸಂದೇಶ ಕಳಿಸಿದವನು ನಾನು. ನಮ್ಮ ಅಜ್ಜ ಅದನ್ನೇ ಕುಡಿದು 90 ವರ್ಷ ಬಾಳಿದರು.

ಬಾದಾಮಿಯ ಸದಸ್ಯ: ನಿಮ್ಮ ಅಜ್ಜನವರಿಗೆ ಕವಾಟ ಕಿರಿದಾಗಿತ್ತೇ?

ಹುನಗುಂದದ ಸದಸ್ಯ: ಔಷಧ ಅಂಗಡಿಯವರಾದ ನೀವು ಮಾತ್ರೆಯ ಪರ ಮಾತಾಡುವುದು ಸಹಜ.

ಬಾದಾಮಿಯ ಸದಸ್ಯ: ವಾರ್ಫರಿನ್ ನನ್ನ ಅಂಗಡಿಯ ಅಗ್ಗದ ಮಾತ್ರೆಗಳಲ್ಲೊಂದು. ಅದರಲ್ಲಿ ನನಗೇನು ಲಾಭ?

ತೇರದಾಳದ ಸದಸ್ಯೆ: ಚಹಾದಿಂದ ಎದೆ ತಪ್ಪಿ ಬಡಿಯುವುದೇ?

ವೈದ್ಯ: ಮೇಲೆ ಓದಿರಿ. ಹುನಗುಂದದವರೇ, ನಿಮ್ಮ ಸಂದೇಶದಲ್ಲಿ ‘ಎಲ್ಲ ಮಾತ್ರೆ ಬಿಡಿ’ ಎಂಬ ಸಾಲಿದೆ. ಅದನ್ನು ಈಗಲೇ ಅಳಿಸಿರಿ.

ಬೀಳಗಿಯ ಸದಸ್ಯ: 24 ಗಂಟೆ ಹೃದಯಬಡಿತವನ್ನು ದಾಖಲಿಸುವ ಹೋಲ್ಟರ್ ಪರೀಕ್ಷೆಗೆ ಎಷ್ಟು ಖರ್ಚಾಗುತ್ತದೆ?

ಹುನಗುಂದದ ಸದಸ್ಯ: ಅಳಿಸುವುದಿಲ್ಲ.

ವೈದ್ಯ: ಮುಧೋಳದವರು ಹೊರಟಿರಾ?

ಮುಧೋಳದ ಸದಸ್ಯೆ: ಬಾಗಲಕೋಟೆಯ ದಾರಿಯಲ್ಲಿದ್ದೇವೆ.

ವೈದ್ಯ: ಹಳೆಯ ಐ.ಎನ್.ಆರ್. ಚೀಟಿಗಳನ್ನು ತೋರಿಸಿ, ಕೊನೆಯ ಮಾತ್ರೆ ನುಂಗಿದ ದಿನವನ್ನು ಮೊದಲು ಹೇಳಿರಿ.