ಮರಣ ರಜಿಸ್ಟರಿನ ವಯಸ್ಸಿನ ಸರಾಸರಿನೇ ಜೀವಿತಾವಧಿ ಏನ್ರಿ?

ಪ್ರಶ್ನೆ
ಇಂಡಿ ತಾಲೂಕಿನ ಒಂದು ಗ್ರಾಮ ಪಂಚಾಯಿತಿ ಆರೋಗ್ಯ ವರದಿಗೆ ಜೀವಿತಾವಧಿ ಬೇಕಾಗಿದೆ. ಜನಸಂಖ್ಯೆ ಸುಮಾರು 6,000. ತೀರಿಕೊಂಡವರ ವಯಸ್ಸೆಲ್ಲ ಕೂಡಿಸಿ ಸಾವಿನ ಸಂಖ್ಯೆಯಿಂದ ಭಾಗಿಸಿದರೆ ನಡೀತದೇನ್ರಿ?

ಉತ್ತರ 1
ನಡೆಯೂದಿಲ್ರಿ. ದುಡಿಯೋರೆಲ್ಲ ಗೋವಾ, ಪುಣೆ ಕಡೆ ಹೋಗಿ ಮುದುಕರಷ್ಟೇ ಉಳಿದ ಊರಾಗ ಆ ಸರಾಸರಿ ಏರ್ತದ, ಹುಡುಗರು ಹೆಚ್ಚಿದ್ದ ಊರಾಗ ಇಳೀತದ. ಆರೋಗ್ಯ ಎರಡೂ ಕಡೆ ಒಂದೇ ಇದ್ರೂ.

ಲೈಫ್ ಟೇಬಲ್ ಹಾಕ್ರಿ, ಅಂದ್ರ ಯಾವ ವಯಸ್ಸಿನಾಗ ಎಷ್ಟು ಮಂದಿ ಸಾಯ್ತಾರ, ಎಷ್ಟು ಮಂದಿ ಉಳೀತಾರ ಅನ್ನೋ ಲೆಕ್ಕದ ಪಟ್ಟಿ. ವಯಸ್ಸಿನ ಗುಂಪುಗಳು 0, 1–4, 5–9 ಹಿಂಗ 85 ದಾಟಿದವರ ತನಕ. ಗುಂಪಿನ ಸಾವು ಭಾಗಿಸು ಗುಂಪಿನ ಜನ, ಅದು ದರ. ಐದು ವರ್ಷದ ಗುಂಪಿಗೆ ಸಾಯೋ ಸಂಭವ = 5 × ದರ ÷ (1 + 2.5 × ದರ). 40–44ರಾಗ ಸಾವಿರಕ್ಕ 4 ಇದ್ರ 0.02 ÷ 1.01, ಅಂದ್ರ 0.0198. ಒಂದು ಲಕ್ಷ ಕೂಸಿನಿಂದ ಸುರು ಮಾಡಿ ಪ್ರತಿ ಗುಂಪಿನಾಗ ಅಷ್ಟಷ್ಟು ಕಳೀತಾ ಹೋಗ್ರಿ. ಗುಂಪಿನಾಗ ಬಾಳಿದ ವರ್ಷ: ಹೊಕ್ಕವರು, ಬದುಕಿ ಹೊರಬಿದ್ದವರು ಕೂಡಿಸಿ 2.5ರಿಂದ ಗುಣಿಸ್ರಿ (1–4ರ ಗುಂಪಿಗೆ ಎಲ್ಲಾ ಕಡೆ 5ರ ಬದಲು 4, 2.5ರ ಬದಲು 2). ಕೊನೇ ಗುಂಪಿಗೆ ಉಳಿದವರು ÷ ದರ. ಎಲ್ಲ ವರ್ಷ ಕೂಡಿಸಿ ಲಕ್ಷದಿಂದ ಭಾಗಿಸಿದ್ರ ಆತು. ಸತ್ತವರು ಗುಂಪಿನ ಅರ್ಧ ಕಾಲ ಬಾಳಿದ್ರು ಅನ್ನೋ ಈ ಲೆಕ್ಕ 0 ವಯಸ್ಸಿಗೆ ಮಾತ್ರ ಬ್ಯಾಡ: ಕೂಸುಗಳ ಸಾವು ಬಹಳಷ್ಟು ಮೊದಲ ತಿಂಗಳಾಗೇ ಆಗ್ತದ. ಅಲ್ಲಿ ಜನಸಂಖ್ಯೆ ಬದಲು ಜೀವಂತ ಹೆರಿಗೆ ತಗೋರಿ.

ಉತ್ತರ 2
ಸೂತ್ರ ಸರಿ, ಆದ್ರ 6,000 ಜನ ಅಂದ್ರ ಈ ಲೆಕ್ಕಕ್ಕೆ ಭಾಳ ಸಣ್ಣ ಊರು. ಸಾವಿರಕ್ಕೆ 7ರಂತೆ ಹಿಡಿದ್ರೂ ವರ್ಷಕ್ಕೆ 42 ಸಾವು. 19 ಗುಂಪಿಗೆ ಹಂಚಿದ್ರ ಕೆಲವು ಗುಂಪು ಖಾಲಿನೇ. ವರ್ಷಕ್ಕೆ ನೂರು ಹೆರಿಗೆ ಅಂತಿಟ್ಕೊಳ್ರಿ, ಒಂದೇ ಒಂದು ಕೂಸು ಹೆಚ್ಚಿಗೆ ತೀರಿದ್ರ ಇಡೀ ಊರಿನ ಜೀವಿತಾವಧಿ ಸುಮಾರು 0.7 ವರ್ಷ ಕುಸೀತದ. ಆಯ್ದ ಊರುಗಳಾಗ ಹುಟ್ಟು-ಸಾವು ಎಣಿಸೋ ಕೇಂದ್ರದ ಮಾದರಿ ನೋಂದಣಿ ವ್ಯವಸ್ಥೆನೂ ಐದು ವರ್ಷ ಒಟ್ಟು ಹಾಕಿಯೇ ಲೆಕ್ಕ ಕೊಡ್ತದ: 2016–20ಕ್ಕೆ ದೇಶಕ್ಕೆ 70.0 ವರ್ಷ. ಅದೂ ರಾಜ್ಯಮಟ್ಟದ ತನಕ ಅಷ್ಟೇ. ಐದು ವರ್ಷದ್ದು ಕೂಡಿಸ್ರಿ, ಆದ್ರ ಇಡೀ ತಾಲೂಕಿಗೆ ಮಾಡ್ರಿ.

ಉತ್ತರ 3
ಲೆಕ್ಕಕ್ಕಿಂತ ಮೊದಲು ರಜಿಸ್ಟರ್ ನೋಡ್ರಿ. 1969ರ ಜನನ-ಮರಣ ನೋಂದಣಿ ಕಾಯ್ದೆ ಪ್ರಕಾರ ಸಾವು ಆದ ಜಾಗದಾಗೇ ದಾಖಲಾಗ್ತದ. ಸೊಲ್ಲಾಪುರ, ಮೀರಜ್, ವಿಜಯಪುರದ ದವಾಖಾನಿಯೊಳಗ ತೀರಿದವರ ಹೆಸರು ನಿಮ್ಮ ಪಂಚಾಯಿತಿ ಪುಸ್ತಕದಾಗ ಇರೂದಿಲ್ಲ. ಸಾವು ತಪ್ಪಿದಷ್ಟೂ ಆಯುಷ್ಯ ಉಬ್ಬತದ; 82 ಬಂತು ಅಂದ್ರ ಹಿಗ್ಗಬ್ಯಾಡ್ರಿ, ಪುಸ್ತಕ ತೆರೀರಿ. ಹುಟ್ಟಿ ತಾಸಿನಾಗ ಹೋದ ಕೂಸನ್ನ 'ಸತ್ತು ಹುಟ್ಟಿದ್ದು' ಅಂತ ಬರೆದಿದ್ರೂ ಅದೇ ಗತಿ. ವಯಸ್ಸಿನ ಕಾಲಮ್ಮಿನಾಗ 60, 65, 70 ಗುಡ್ಡೆ ಬಿದ್ದಿದ್ರ ಅದು ಅಂದಾಜು. ಆಶಾ ಅಕ್ಕೋರ ಪಟ್ಟಿ ಜೊತೆ ಹೆಸರಿಗೆ ಹೆಸರು ಹೊಂದಿಸ್ರಿ. ಭಾಗಿಸೂದಕ್ಕ 2011ರ ಜನಗಣತಿ ಹಂಗೇ ಇಡಬ್ಯಾಡ್ರಿ.

ಪ್ರಶ್ನೆ ಕೇಳಿದವರು
ಹಂಗಾದ್ರ ಪಂಚಾಯಿತಿ ವರದಿಯೊಳಗ ಏನು ಬರೀಲಿ?

ಉತ್ತರ 3
ಐದು ವರ್ಷದ ಒಟ್ಟು ಸಾವು, ಅದರಾಗ ವರ್ಷ ತುಂಬದ ಕೂಸು ಎಷ್ಟು, 60 ಮುಟ್ಟದವರು ಎಷ್ಟು. ಶೇಕಡಾ ಬ್ಯಾಡ, ಸಂಖ್ಯೆನೇ ಬರೀರಿ.