ಪದ ಬೇಕು, ತುರ್ತು: ‘ಮಿನಿಮಮ್ ಲೋಡ್ 4 ಓಮ್ಸ್’ ಕನ್ನಡದಲ್ಲಿ ಹೇಗೆ?

ತುಮಕೂರಿನಿಂದ:

ಬಳಗದವರಿಗೆ ನಮಸ್ಕಾರ.

ಶುಕ್ರವಾರದೊಳಗೆ ಒಂದು ಫಲಕ ಆಗಬೇಕು. ಎ4 ಹಾಳೆಯಷ್ಟು, ನಾಲ್ಕೈದು ಸಾಲು. ಇಲ್ಲಿನ ಸಭಾಂಗಣವೊಂದರ ಉಸ್ತುವಾರಿ ನನ್ನದು. ಊರಿನವರೊಬ್ಬರು ನಮ್ಮ ಆರ್ಕೆಸ್ಟ್ರಾ ಹುಡುಗರಿಗೆಂದು ಬೇಸ್ ಗಿಟಾರಿನ ಆಂಪ್ಲಿಫೈಯರನ್ನೂ ಎರಡು ಸ್ಪೀಕರ್ ಬಾಕ್ಸನ್ನೂ ಕೊಡಿಸಿದ್ದಾರೆ. ಆಂಪ್ಲಿಫೈಯರ್ 4 ಓಮ್‌ಗೆ 800 ವಾಟ್. ಓಮ್ ಎಂದರೆ ಕರೆಂಟಿಗೆ ಎದುರಾಗುವ ಅಡ್ಡಿಯ ಅಳತೆ. ಬಾಕ್ಸುಗಳು ತಲಾ 8 ಓಮ್, 400 ವಾಟ್, ಒಂದೊಂದರಲ್ಲಿ ಹತ್ತಿಂಚಿನ ನಾಲ್ಕು ಸ್ಪೀಕರು. ಎರಡನ್ನೂ ಸಮಾಂತರವಾಗಿ ಹಾಕಿದರೆ 4 ಓಮ್. ಅಲ್ಲಿಗೆ ಲೆಕ್ಕ ಸರಿ.

ಆಂಪ್ಲಿಫೈಯರಿನ ಬೆನ್ನಿಗೆ ಇಂಗ್ಲಿಷಿನಲ್ಲಿ ‘ಮಿನಿಮಮ್ ಲೋಡ್ 4 ಓಮ್ಸ್’ ಎಂದು ಅಚ್ಚಾಗಿದೆ. ನಾನು ಅದನ್ನು ‘ಕನಿಷ್ಠ ಲೋಡ್ 4 ಓಮ್’ ಎಂದು ಬರೆದು ಪಕ್ಕದಲ್ಲೇ ಅಂಟಿಸಿದೆ. ಹುಡುಗರು ಓದಿಕೊಂಡದ್ದು ಹೀಗೆ: ಇಷ್ಟಾದರೂ ಇರಲೇಬೇಕು, ಜಾಸ್ತಿ ಹಾಕಿದರೆ ಒಳ್ಳೆಯದೇ. ಕಳೆದ ಭಾನುವಾರ ತಾಲೀಮಿನ ಹೊತ್ತಿಗೆ ಸಭಾಂಗಣದ ಹಳೇ ಬಾಕ್ಸೊಂದನ್ನು ಎಳೆದು ತಂದು, ಎರಡನೇ ಬಾಕ್ಸಿನ ಹಿಂದೆ ಖಾಲಿ ಇದ್ದ ತೂತಿಗೆ ಚುಚ್ಚಿದ್ದಾರೆ. ಅದೂ 8 ಓಮ್‌ದೇ. ಮೂರು ಸೇರಿ 2.67. ಎರಡನೇ ಹಾಡಿನ ನಡುವೆ ಬೇಸ್ ನಿಂತಿತು, ಆಂಪ್ಲಿಫೈಯರಿನ ಮುಂಭಾಗದ ಹಸಿರು ದೀಪ ಕೆಂಪಾಯಿತು. ಒಳಗೆ ರಕ್ಷಣೆಯ ಏರ್ಪಾಡು ಇದ್ದದ್ದಕ್ಕೆ ಸುಡದೆ ಉಳಿಯಿತು. ಗದರಲು ಹೋದರೆ ಬೇಸ್ ನುಡಿಸುವ ಹುಡುಗ ನನ್ನ ಚೀಟಿಗೇ ಬೆರಳಿಟ್ಟ: ‘ಕನಿಷ್ಠ ಅಂತ ನೀವೇ ಬರ್ದಿದೀರಲ್ಲ ಸಾರ್, ನಾವು ಅದಕ್ಕಿಂತ ಜಾಸ್ತೀನೇ ಹಾಕಿದ್ವಿ.’

ಅವನ ಕನ್ನಡದಲ್ಲಿ ತಪ್ಪಿಲ್ಲ. ಬಾಕ್ಸ್ ಹೆಚ್ಚಿದಷ್ಟೂ ಲೋಡ್ ಹೆಚ್ಚು, ಓಮ್ ಕಡಿಮೆ. ‘ಕನಿಷ್ಠ’ವು ಓಮ್‌ಗೆ ಸೇರಬೇಕಿತ್ತು, ನನ್ನ ಸಾಲಿನಲ್ಲಿ ಲೋಡ್‌ಗೆ ಅಂಟಿಕೊಂಡಿದೆ.

ಹಾಗಾಗಿ ಇಂಪೀಡೆನ್ಸ್ (ಓಮ್ ಲೆಕ್ಕದಲ್ಲಿ ಹೇಳುವ ಆ ಅಡ್ಡಿ), ಲೋಡ್, ಕ್ಯಾಬಿನೆಟ್ (ಸ್ಪೀಕರ್ ಬಾಕ್ಸ್), ಮ್ಯಾಚಿಂಗ್ (ಒಂದಕ್ಕೊಂದು ಹೊಂದಿಸುವುದು), ಈ ನಾಲ್ಕಕ್ಕೆ ಹುಡುಗರಿಗೆ ಅರ್ಥವಾಗುವ ಪದ ಬೇಕು. ಆಂಪ್ಲಿಫೈಯರಿನದು ಬೇರೆಯೇ ತಲೆನೋವು. ಅದು ‘ಧ್ವನಿವರ್ಧಕ’ ಆಗಬೇಕಿತ್ತು, ಆದರೆ ಆ ಪದವನ್ನು ಲೌಡ್‌ಸ್ಪೀಕರಿಗೆ ಕೊಟ್ಟು ಎಷ್ಟೋ ಕಾಲವಾಯಿತು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಬಳಸಬಾರದು ಎಂಬ 2000ನೇ ಇಸವಿಯ ನಿಯಮ ನಮ್ಮ ಗೋಡೆಯ ಮೇಲೇ ಇದೆ. ಅದರ ಪಕ್ಕದಲ್ಲಿ ಇದನ್ನೂ ಧ್ವನಿವರ್ಧಕ ಅಂದರೆ ಗೊಂದಲ.

ಬಿ.ಎಚ್. ರಸ್ತೆಯ ಡಿಟಿಪಿ ಹುಡುಗ ಮೊದಲ ಕರಡಿನಲ್ಲಿ ‘ಓಮ್’ ಅನ್ನು ‘ಓಂ’ ಎಂದು ಹೊಡೆದಿದ್ದ. ‘4 ಓಂ’ ನೋಡಿ ನಮ್ಮ ಕಾವಲುಗಾರ ಕೈಮುಗಿದ. ಅದನ್ನಂತೂ ತಿದ್ದಿಸಿದ್ದೇನೆ.

ಗೌರಿಬಿದನೂರಿನಿಂದ:

ಎಲ್ಲಕ್ಕೂ ಕನ್ನಡದ್ದೇ ಪದಗಳಿವೆ. ಸಂಸ್ಕ್ರುತದ ಹೆಗಲೇರುವ ಅಗತ್ಯವಿಲ್ಲ.

ಆಂಪ್ಲಿಫೈಯರ್ ಅಂದರೆ ದನಿಹೆಚ್ಚುಗ. ಇಂಪೀಡೆನ್ಸ್ ಅಂದರೆ ತಡೆತ. ಲೋಡ್ ಅಂದರೆ ಹೊರೆ. ಕ್ಯಾಬಿನೆಟ್ ಅಂದರೆ ದನಿಗೂಡು. ಮ್ಯಾಚಿಂಗಿಗೆ ಹಳಗನ್ನಡದಿಂದಲೂ ‘ಈಡು’ ಇದೆ. ‘ದನಿಹೆಚ್ಚುಗಕ್ಕೆ ಈಡಾದ ದನಿಗೂಡುಗಳನ್ನೇ ಹಾಕಿ, ತಡೆತ 4 ಓಮ್‌ಗಿಂತ ಇಳಿಯಬಾರದು’ ಎಂದು ಬರೆಯಿರಿ. ಒಂದು ವಾರ ಓದಿದರೆ ಹುಡುಗರಿಗೆ ಒಗ್ಗುತ್ತದೆ.

ಚಿಂತಾಮಣಿಯಿಂದ:

ಅಪಘಾತಕ್ಕೆ ಈಡಾದ ಬಸ್ಸು, ಟೀಕೆಗೆ ಈಡಾದ ಮಂತ್ರಿ ಎಂದು ದಿನವೂ ಪತ್ರಿಕೆಯಲ್ಲಿ ಓದುವ ಜನ ‘ದನಿಹೆಚ್ಚುಗಕ್ಕೆ ಈಡಾದ ದನಿಗೂಡು’ ಎಂಬುದನ್ನು ಏನೆಂದು ತಿಳಿಯಬೇಕು? ಭಾನುವಾರ ತುಮಕೂರಿನಲ್ಲಿ ನಡೆದದ್ದಕ್ಕೆ ಬೇಕಾದರೆ ಹೊಂದುತ್ತದೆ. ‘ಈಡುಜೋಡು’ವಿನಲ್ಲಿ ಹಳೆಯ ಅರ್ಥ ಉಳಿದಿದೆ, ಒಪ್ಪುತ್ತೇನೆ. ಅದು ವಧೂವರರಿಗೆ.

‘ಅಗತ್ಯ’ ಸಂಸ್ಕೃತ. ‘ದನಿ’ಯು ಧ್ವನಿಯ ತದ್ಭವ. ಹೆಗಲೇರಿಯೇ ಮಾತಾಡುತ್ತಿದ್ದೀರಿ.

ಇನ್ನು ಯಾರಾದರೂ ‘ಧ್ವನಿಪೆಟ್ಟಿಗೆ’ ಎಂದು ಸೂಚಿಸುವ ಮೊದಲೇ ಹೇಳಿಬಿಡುತ್ತೇನೆ. ಅದು ಅರಿಸಮಾಸ, ಸಂಸ್ಕೃತ ಪದಕ್ಕೆ ಕನ್ನಡ ಪದ ಬೆಸೆದದ್ದು. ವ್ಯಾಕರಣಕಾರ ಕೇಶಿರಾಜ 13ನೆಯ ಶತಮಾನದಲ್ಲೇ ಬೇಡವೆಂದದ್ದು. ಹಿಂದಿನ ಕವಿಗಳು ಬಳಸಿಬಿಟ್ಟದ್ದಕ್ಕೆ ಅವನು ರಿಯಾಯಿತಿ ಕೊಟ್ಟಿದ್ದಾನೆ, ಸೌಂಡ್ ಸಿಸ್ಟಮ್‌ನವರಿಗೆ ಕೊಟ್ಟಿಲ್ಲ. ಸಾಲದ್ದಕ್ಕೆ ಶಾಲೆಯ ಪಾಠದಲ್ಲಿ ಧ್ವನಿಪೆಟ್ಟಿಗೆ ಇರುವುದು ಗಂಟಲಿನಲ್ಲಿ. ‘8 ಓಮ್ ಧ್ವನಿಪೆಟ್ಟಿಗೆ’ ಎಂದರೆ ಯಾವ ಪುಣ್ಯಾತ್ಮನದು ಎಂದು ಕೇಳಬೇಕಾಗುತ್ತದೆ.

ಮುಖ್ಯ ವಿಷಯಕ್ಕೆ ಬರುತ್ತೇನೆ. ‘ಇಂಪೀಡೆನ್ಸ್’ ಎಂಬ ಪದವನ್ನು 1886ರಲ್ಲಿ ಟಂಕಿಸಿದವನು ಆಲಿವರ್ ಹೆವಿಸೈಡ್. ಮೂಲ ಲ್ಯಾಟಿನ್ನಿನ ‘ಇಂಪೆಡೀರೆ’, ಅಂದರೆ ಕಾಲಿಗೆ ತೊಡರು ಹಾಕುವುದು. ಅದರ ಒಳಗಿರುವ ‘ಪೆಡ್’ಗೂ ನಮ್ಮ ಪದ, ಪಾದಗಳಿಗೂ ಒಂದೇ ಬೇರು. ನಾವು ಇಲ್ಲಿ ಪದಕ್ಕಾಗಿ ತೊಡರಿಕೊಂಡಿರುವುದೂ ಹಾಗಾಗಿ ಸಕಾರಣವೇ. ಹಿಂದಿಯವರು ‘ಪ್ರತಿಬಾಧಾ’ ಮಾಡಿಕೊಂಡಿದ್ದಾರೆ. ನಾವು ‘ಪ್ರತಿಬಾಧೆ’ ಎನ್ನಲು ಏನಡ್ಡಿ?

ಬಂಗಾರಪೇಟೆಯಿಂದ:

ಮೇಷ್ಟ್ರೆ ನಮಸ್ಕಾರ. ನಮ್ಮ ಕಡೆ ಬಾಧೆ ಅಂದ್ರೆ ಜಲಬಾಧೆ ಒಂದೇ ಗೊತ್ತಿರೋದು. ಆ ಬೋರ್ಡು ನೋಡಿದ ಹುಡುಗ್ರು ಆಂಪ್ಲಿಫೈಯರ್ ಬಿಟ್ಟು ಸಭಾಂಗಣದ ಹಿಂದೆ ಹೋಗ್ತಾರೆ.

ಸೌಂಡ್ ಸಿಸ್ಟಮ್ ನಮ್ದು, ಅಪ್ಪನ ಕಾಲದಲ್ಲಿ ಮೈಕ್ ಸೆಟ್. ತುಮಕೂರಿನ ಸಾರ್‌ಗೆ ಒಂದು ಮಾತು: ‘ಕನಿಷ್ಠ’ ಅನ್ನೋದನ್ನ ಕಿತ್ತಾಕಿ. ‘ಗರಿಷ್ಠ’ ಅಂತ ತಿದ್ದಕ್ಕೂ ಹೋಗ್ಬೇಡಿ. ‘ಗರಿಷ್ಠ 4 ಓಮ್’ ಅಂದ್ರೆ ಇನ್ನೊಬ್ಬ ಪುಣ್ಯಾತ್ಮ 2 ಓಮ್ ಹಾಕ್ತಾನೆ. ಲೋಡು ಯಾವ ಕಡೆ ಏರುತ್ತೆ, ಓಮು ಯಾವ ಕಡೆ ಇಳಿಯುತ್ತೆ ಅನ್ನೋದೇ ಹೊಸಬರಿಗೆ ತಿರುಗುಮುರುಗು. ನಾನು ಹುಡುಗ್ರಿಗೆ ಟಿಸಿ, ಅಂದ್ರೆ ಕರೆಂಟಿನ ಟ್ರಾನ್ಸ್‌ಫಾರ್ಮರ್, ತೋರಿಸಿ ಹೇಳ್ತೀನಿ. ಒಂದು 25 ಕೆವಿಎ ಟಿಸಿಗೆ ಹತ್ತು ಬೋರ್‌ವೆಲ್ ಮೋಟರ್ ಹಾಕು, ಏನಾಗುತ್ತೆ? ಸುಟ್ಟೋಗುತ್ತೆ ಅಣ್ಣ ಅಂತಾರೆ. ಬಾಕ್ಸೂ ಅಷ್ಟೇ ಕಣೋ ಅಂತೀನಿ. ಓಮ್ ಯಾಕೆ ಇಳಿಯುತ್ತೆ ಅಂತ ಕೇಳೋನು ಒಬ್ಬ ಇದ್ದೇ ಇರ್ತಾನೆ, ಅವನಿಗೆ ಕೆರೆ ತೂಬು. ಒಂದು ತೂಬು ತೆಗೆದ್ರೆ ನೀರಿಗೆ ಇಷ್ಟು ಅಡ್ಡಿ. ಅಂಥದ್ದೇ ಇನ್ನೊಂದು ತೆಗೆದ್ರೆ ಅಡ್ಡಿ ಅರ್ಧ, ನೀರು ಎರಡರಷ್ಟು. ಆ ಅಡ್ಡೀನೇ ಓಮ್.

ಫಲಕದಲ್ಲಿ ಬಾಕ್ಸ್ ಲೆಕ್ಕ ಬರೀರಿ ಸಾರ್. ಎಷ್ಟು ಬಾಕ್ಸು, ಅಷ್ಟೇ.

ತಿಪಟೂರಿನಿಂದ:

ತೂಬು ಸರಿ. ಲೆಕ್ಕವೂ ಇರಲಿ: 4 ಓಮ್‌ಗೆ 800 ವಾಟ್ ಎಂದರೆ ಸುಮಾರು 57 ವೋಲ್ಟ್, 14 ಆಂಪಿಯರ್. ಅದೇ ವೋಲ್ಟೇಜಿಗೆ 2.67 ಓಮ್ ಸಿಕ್ಕರೆ 21 ಆಂಪಿಯರ್ ಎಳೆಯುತ್ತದೆ. ಕೆಂಪು ದೀಪ ಬಂದದ್ದು ಅದಕ್ಕೆ.

ಚರ್ಚೆಗೆ ಯಾರೂ ‘ರೋಧ’ವನ್ನು ತರಬೇಡಿ, ಶಾಲೆಯ ಪುಸ್ತಕದಲ್ಲಿ ಅದು ರೆಸಿಸ್ಟೆನ್ಸ್. ತುಮಕೂರಿನವರು ಕೇಬಲ್ ಬಿಚ್ಚಿ 8 ಓಮ್ ಬಾಕ್ಸಿಗೆ ಮೀಟರ್ ಹಿಡಿದು ನೋಡಲಿ, 6ರ ಆಸುಪಾಸು ತೋರಿಸುತ್ತದೆ. ಬಾಕ್ಸ್ ಕೆಟ್ಟಿಲ್ಲ. ಮೀಟರ್ ತೋರಿಸುವುದು ರೋಧ. 8 ಅನ್ನುವುದು ಇಂಪೀಡೆನ್ಸ್, ಸ್ವರ ಬದಲಾದ ಹಾಗೆ ಅದೂ ಬದಲಾಗುತ್ತದೆ. ಬೇಸಿನ ದಪ್ಪ ತಂತಿಯ 41 ಹರ್ಟ್ಸಿಗೆ ಒಂದು, ಮೇಲಿನ ಸ್ವರಕ್ಕೆ ಇನ್ನೊಂದು. ಅದಕ್ಕೇ ‘ನಾಮಿನಲ್’ ಎಂದು ಸೇರಿಸಿರುತ್ತಾರೆ, ಗುರುತಿಗೆ ಕೊಟ್ಟ ಅಂಕಿ ಎಂಬ ಅರ್ಥದಲ್ಲಿ. ಅದನ್ನು ಯಾರೋ ‘ನಾಮಮಾತ್ರ’ ಎಂದು ಅನುವಾದಿಸಿದ್ದನ್ನು ಕಂಡಿದ್ದೇನೆ. ‘ನಾಮಮಾತ್ರ 8 ಓಮ್’ ಎಂದರೆ ಗಿರಾಕಿ ಬಾಕ್ಸ್ ವಾಪಸ್ ಕೊಡುತ್ತಾನೆ.

ಗೌರಿಬಿದನೂರಿನಿಂದ:

ನಕ್ಕಿದ್ದು ಮುಗಿಯಿತೇ? ಬಾಕ್ಸ್, ಲೋಡ್, ಓಮ್, ವಾಟ್, ಟಿಸಿ, ಮೀಟರ್. ಇದರಲ್ಲಿ ಕನ್ನಡ ಎಲ್ಲಿದೆ? ಕೊನೆಯ ಪ್ರತ್ಯಯ ಬಿಟ್ಟರೆ ಏನೂ ಇಲ್ಲ. ತೂಬು, ಅಡ್ಡಿ ಎಂದು ಬಂಗಾರಪೇಟೆಯವರೇ ಬರೆದರು, ಆದರೂ ‘ತಡೆತ’ ಎಂದರೆ ಎಲ್ಲರಿಗೂ ಕಚಗುಳಿ.

ಚಿಂತಾಮಣಿಯಿಂದ:

ಪ್ರತ್ಯಯ ಕನ್ನಡದ್ದಾದರೆ ವಾಕ್ಯ ಕನ್ನಡದ್ದು. ಪರಭಾಷೆಯ ಮೇಜಿನ ಮೇಲೆ ಪರಭಾಷೆಯ ಕಾಗದ ಇಟ್ಟು ಬರೆಯುವಾಗ ಇಲ್ಲದ ಮಡಿ ಬಾಕ್ಸಿಗೆ ಏಕೆ? ಮೊಬೈಲಿಗೆ ‘ಜಂಗಮವಾಣಿ’ ಎಂದು ಚೆಂದದ ಪದ ಕಟ್ಟಿದರು. ಅದರಲ್ಲಿ ಇವತ್ತು ಯಾರು ಮಾತಾಡುತ್ತಿದ್ದಾರೆ?

‘ಪ್ರತಿಬಾಧೆ’ಯನ್ನು ಹಿಂತೆಗೆದುಕೊಳ್ಳುವುದಿಲ್ಲ. ಪಠ್ಯಪುಸ್ತಕಕ್ಕೆ ಅದೇ ಸರಿ. ಫಲಕಕ್ಕೆ ಬೇಡ.

ಬಂಗಾರಪೇಟೆಯಿಂದ:

ಗೌರಿಬಿದನೂರಣ್ಣ ಬೇಜಾರು ಮಾಡ್ಕೋಬೇಡಿ. 1902ರಲ್ಲೇ ಶಿವನಸಮುದ್ರದಿಂದ ಕೆಜಿಎಫ್ ಗಣಿಗೆ ಕರೆಂಟ್ ಬಂದ ಜಿಲ್ಲೆ ನಮ್ದು. ನಮ್ಮ ತಾತ ಸಹಿ ಹಾಕಕ್ಕೆ ಬರ್ದೇ ಇದ್ರೂ ‘ಲೋಡು’ ಅಂತಿದ್ರು. ಮರಳೂ ಲೋಡು, ಕರೆಂಟೂ ಲೋಡು. ನೀವು ‘ಹೊರೆ’ ಅಂದ್ರೆ ನಮಗೆ ಹುಲ್ಲು ನೆನಪಾಗುತ್ತೆ, ಅದರಲ್ಲಿ ತಪ್ಪೇನಿಲ್ಲ, ಆದ್ರೆ ಹುಲ್ಲಿಂದ ಆಂಪ್ಲಿಫೈಯರ್ ಸುಡಲ್ಲ.

ತುಮಕೂರಿನಿಂದ:

ಎಲ್ಲರಿಗೂ ಉಪಕಾರ. ಇಂಪೀಡೆನ್ಸಿಗೆ ಪದ ಸಿಗಲಿಲ್ಲ. ಬಂಗಾರಪೇಟೆಯವರು ಹೇಳಿದ ಮೇಲೆ ಬೇಕಾಗಿಯೂ ಇಲ್ಲ ಅನ್ನಿಸಿತು. ಈಗ ಫಲಕದಲ್ಲಿ ಇರುವುದು ಇಷ್ಟು:

‘ಈ ಆಂಪ್ಲಿಫೈಯರಿಗೆ ಎರಡೇ ಬಾಕ್ಸ್. ಎರಡರ ಮೇಲೂ 8 ಓಮ್ ಎಂದು ಬರೆದಿರಬೇಕು. 4 ಓಮ್ ಎಂದು ಬರೆದಿದ್ದರೆ ಒಂದೇ ಬಾಕ್ಸ್. 4ಕ್ಕಿಂತ ಚಿಕ್ಕ ಅಂಕಿಯ ಬಾಕ್ಸ್ ಬೇಡ. ಬಾಕ್ಸಿನ ಹಿಂದೆ ತೂತು ಖಾಲಿ ಇದೆ ಎಂದು ಮೂರನೆಯದನ್ನು ಚುಚ್ಚಬೇಡಿ.’

ನಿನ್ನೆ ಸಂಜೆ ಅದೇ ಹುಡುಗನಿಗೆ ಓದಿಸಿದೆ. ‘ಒಂದೇ 8 ಓಮ್ ಬಾಕ್ಸ್ ಹಾಕ್ಬಹುದಾ ಸಾರ್?’ ಎಂದು ಕೇಳಿದ. ಹಾಕಬಹುದು, ವಾಟ್ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ, ಆಂಪ್ಲಿಫೈಯರಿಗೆ ಏನೂ ಆಗುವುದಿಲ್ಲ ಎಂದೆ. ಅವನ ಪ್ರಶ್ನೆ ಈ ಸಲ ಸರಿಯಾದ ದಿಕ್ಕಿನಲ್ಲಿತ್ತು, ನನಗೆ ಅಷ್ಟು ಸಾಕು.

ತಿಪಟೂರಿನಿಂದ:

ಈ ಒಕ್ಕಣೆ ಟ್ರಾನ್ಸಿಸ್ಟರಿನ ಆಂಪ್ಲಿಫೈಯರಿಗೆ ಮಾತ್ರ ಎಂಬುದು ನೆನಪಿರಲಿ. ಮುಂದೆ ಯಾರಾದರೂ ವಾಲ್ವಿನದು (ಹಳೇ ಗಾಜಿನ ಕೊಳವೆಯದು) ತಂದರೆ ಇದೇ ಫಲಕ ಅಂಟಿಸಬೇಡಿ. ಅದನ್ನು ಬಾಕ್ಸ್ ಇಲ್ಲದೆ ಚಾಲೂ ಮಾಡಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಹೋಗುತ್ತದೆ. ಹಿಂದಿನ ಸ್ವಿಚ್ಚಿನ ಓಮೂ ಬಾಕ್ಸುಗಳ ಒಟ್ಟು ಓಮೂ ಒಂದೇ ಇರಬೇಕು. ಅಲ್ಲಿ ‘ಈಡುಜೋಡು’ ಎಂದರೂ ನಡೆದೀತು.

ಗೌರಿಬಿದನೂರಿನಿಂದ:

ಆ ಒಂದು ಸಾಲಿಗೆ ನನ್ನಿ.

ಬಂಗಾರಪೇಟೆಯಿಂದ:

ಸಾರ್, ಬಾಕ್ಸ್‌ಗೆ ಯಾವ ಕೇಬಲ್ ಕೊಟ್ಟಿದೀರಿ? ಗಿಟಾರ್ ಕೇಬಲ್ ಅಲ್ಲ ತಾನೆ? ಎರಡರ ಪಿನ್ನೂ ಒಂದೇ ಥರ ಇರುತ್ತೆ, ಹುಡುಗ್ರು ಕೈಗೆ ಸಿಕ್ಕಿದ್ದು ಹಾಕ್ತಾರೆ. ಗಿಟಾರ್ ಕೇಬಲ್ ಒಳಗಿನ ತಂತಿ ಸಣ್ಣದು, 14 ಆಂಪಿಯರ್ ಹೊರಲ್ಲ. ಅದನ್ನೂ ಒಂದು ಸಾಲು ಸೇರಿಸಿ.

ತುಮಕೂರಿನಿಂದ:

ಈಗ ಹೋಗಿ ನೋಡಿದೆ. ಒಂದು ಬಾಕ್ಸಿಗೆ ಗಿಟಾರ್ ಕೇಬಲ್ಲೇ ಇತ್ತು, ಬದಲಾಯಿಸಿದೆ. ಫಲಕ ಲ್ಯಾಮಿನೇಷನ್ ಆಗಿಬಿಟ್ಟಿದೆ, ಇನ್ನು ಸಾಲು ಸೇರಿಸುವಂತಿಲ್ಲ. ಕೇಬಲ್ಲಿಗೇ ಒಂದು ಚೀಟಿ ಕಟ್ಟುತ್ತೇನೆ. ಅದರ ಪದಗಳನ್ನು ಇಲ್ಲಿ ಕೇಳುವುದಿಲ್ಲ.